ಮೆಕ್ಕೆಜೋಳದ ಮಿಷಿನ್ ಮೇಲೆ ಎಡಗಾಲು

ಹೆಂಡತಿಯನ್ನು ಕಳೆದುಕೊಂಡವನು ಕಾಲು ಮುರಿದುಕೊಂಡರೆ ಯಾರೂ ಎದುರಿಗೆ ನಗುವುದಿಲ್ಲ. ಇದೊಂದು ಅನುಕೂಲ ಎಂದು ಮೊದಲು ತಿಳಿದಿದ್ದೆ, ಆಮೇಲೆ ಬೇಸರವಾಯಿತು. ನಗುವಂಥದ್ದೇ ನಡೆದಿತ್ತಲ್ಲ! ತೀರಿಕೊಂಡ ಹೆಂಡತಿ ಗಂಗಮ್ಮನ ಫೋಟೋ ಹಾಕಲು ಮೊಳೆ ಹೊಡೆಯುತ್ತ ಸ್ಟೂಲಿನಿಂದ ಬಿದ್ದೆ. ನಾನು ಸ್ಟೂಲು ಹತ್ತಿದಾಗಲೆಲ್ಲ ಅವಳು ಕೆಳಗೆ ಹಿಡಿದುಕೊಂಡು ಬೈಯುತ್ತಿದ್ದಳು. ಅವತ್ತು ಬೈಗುಳ ಇಲ್ಲದ್ದು ಗಮನಕ್ಕೆ ಬಂದಿತ್ತು. ಹಿಡಿದವರಿಲ್ಲ ಎಂಬುದು ಬಿದ್ದ ಮೇಲೆ ತಿಳಿಯಿತು.

ಎಡ ಮೊಣಕಾಲ ಕೆಳಗಿನ ಎಲುಬಿಗೆ ರಾಡು ಹಾಕಿದರು. ಸಂತೇಬೆನ್ನೂರಿನ ನನ್ನ ಟೈಲರ್ ಅಂಗಡಿಗೆ ಬೀಗ ಬಿತ್ತು. ಎರಡು ತಿಂಗಳಾದರೂ ವಾಕರ್ ಹಿಡಿದು ಒಂಟಿ ಕಾಲಲ್ಲೇ ಕುಪ್ಪಳಿಸುತ್ತಿದ್ದೆ. ಚನ್ನಗಿರಿಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಗದರಿದರು. "ಎಲುಬಿನೊಳಗೆ ಜೀವಕಣ ಇರ್ತವೆ ಯಜಮಾನ್ರೇ. ಭಾರ ಬಿದ್ರೆ ಅವು ಕಟ್ಟೋ ಕಣಗಳಿಗೆ ಸುದ್ದಿ ಕಳಿಸ್ತವೆ. ನೀವು ಕಾಲೇ ಊರದಿದ್ರೆ ಸುದ್ದಿ ಹೋಗಲ್ಲ, ಕೆಡವೋ ಕಣಗಳದೇ ರಾಜ್ಯ. ಎಲುಬು ಕೂಡ್ಲಿಲ್ಲ ಅಂದ್ರೆ ಮತ್ತೆ ಆಪರೇಷನ್!" ದಿನಾ ತೂಕದ ಮಿಷಿನ್ ಮೇಲೆ ಕಾಲಿಟ್ಟು, ಇಪ್ಪತ್ತು ಕೆಜಿ ತೋರಿಸುವಷ್ಟು ಊರಬೇಕಂತೆ. ಕೆಡವುವವರು, ಕಟ್ಟುವವರು, ನಡುವೆ ಸುದ್ದಿ: ನಮ್ಮ ಮನೆ ನಡೆದದ್ದೂ ಹೀಗೆಯೇ. ನಾನು ಹರಡುತ್ತಿದ್ದೆ, ಗಂಗಮ್ಮ ಮಡಚಿಡುತ್ತಿದ್ದಳು. ಸುದ್ದಿ ಎಂದರೆ ಅವಳ ಬೈಗುಳ, ಅದು ಬೀದಿಗೂ ಕೇಳುತ್ತಿತ್ತು.

ನನಗೆ ಹತ್ತಿರದ ಮಿಷಿನ್ ಎಂದರೆ ಪಕ್ಕದ ಮೆಕ್ಕೆಜೋಳದ ವ್ಯಾಪಾರಿ ಹಾಲೇಶಪ್ಪನದು. ಚೀಲ ಇಳಿಸಿ ಜಾಗ ಕೊಟ್ಟ. ಎಡಗಾಲಿಟ್ಟೆ.

"ನಾಲ್ಕು ಕೆಜಿ!" ಎಂದು ಅಭ್ಯಾಸಬಲದಿಂದ ಕೂಗಿದ.

"ಮೆಲ್ಲಗೆ ಹೇಳಪ್ಪಾ."

"ತೇವ ಐತೆ ಟೈಲರಣ್ಣ, ಅರ್ಧ ಕೆಜಿ ಕಳೀತೀನಿ. ಮೂರೂವರೆ!"

ಜೋಳ ತಂದಿದ್ದ ರೈತರೊಬ್ಬರು, "ಕಾಲಿನಾಗೂ ಕಳೀತಾನೆ ನೋಡ್ರಿ ಇವ!" ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು.

ನಾಲ್ಕು ದಿನ ಹೋದರೂ ಆರು ಕೆಜಿ ದಾಟಲಿಲ್ಲ. ನೋವಲ್ಲ, ಹೆದರಿಕೆ. ಮತ್ತೆ ಬಿದ್ದರೆ ಎತ್ತುವವರು ಮನೆಯಲ್ಲಿಲ್ಲ. ಐದನೆಯ ದಿನ ಹಾಲೇಶಪ್ಪ ತೂಕ ಕೂಗಲಿಲ್ಲ. ಎದ್ದು ಬಂದು ನನ್ನ ವಾಕರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. "ಊರೋ ಮಾರಾಯ! ಜೋಳ ಇಳಿಸಾಕೆ ಗಾಡಿ ನಿಂತೈತೆ. ಹಿಡ್ಕಂಡೀನಲ್ಲ, ಊರೋ ದರಿದ್ರದೋನೆ!"

ಒಬ್ಬರು ಹಿಡಿದುಕೊಂಡು ಬೈದು ಎಷ್ಟು ದಿನವಾಗಿತ್ತು! ಊರಿದೆ.

"ಹದಿನಾರು... ಇಪ್ಪತ್ತು... ಸಾಕೋ! ಇಪ್ಪತ್ತೆಂಟು! ತೆಗೀ ಅಣ್ಣ, ಮಿಷಿನ್ ನಂದು!"

ಮುಂದಿನ ತಿಂಗಳ ಎಕ್ಸ್‌ರೇಯಲ್ಲಿ ಮುರಿದ ಕಡೆ ಬಿಳಿ ಗಂಟು ಕಂಡಿತು. "ಸುದ್ದಿ ತಲುಪಿದೆ. ಮೊದಲು ಹೀಗೆ ದಪ್ಪಗೆ ಕಟ್ತವೆ, ಆಮೇಲೆ ನಿಧಾನಕ್ಕೆ ಕೆತ್ತಿ ಒಪ್ಪ ಮಾಡ್ತವೆ" ಎಂದರು ಡಾಕ್ಟರಮ್ಮ.

"ಒಪ್ಪ ಆಗೋ ತನಕ ಕೂತಿರ್ಲೇನ್ರೀ?"

"ನಡೀತಾ ಇದ್ರೇನೇ ಒಪ್ಪ ಆಗೋದು."

ಕಚ್ಚಾ ಹೊಲಿಗೆಯ ರವಿಕೆಯನ್ನು ಒಬ್ಬ ಗಿರಾಕಿಗೂ ಕೊಟ್ಟವನಲ್ಲ ನಾನು. ಅಂಥವನು ಅರ್ಧಂಬರ್ಧ ಎಲುಬು ತೊಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಅಲ್ಲಲ್ಲಿ ಚುಚ್ಚುತ್ತಿತ್ತು. ಹಿಂದಿರುಗಿ ಹೋಗಿ ಡಾಕ್ಟರಮ್ಮನಿಗೆ ಹೇಳಬಹುದಿತ್ತು. ಆದರೆ ಫಿಟ್ಟಿಂಗ್ ಸರಿಯಿಲ್ಲ ಎಂದು ದೂರುವ ಗಿರಾಕಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.