ವ್ರಬೊವೊದ ಗಾಳಿಗೆ ಎಂಟು ಗಂಟೆ

ನವೆಂಬರ್ ಕೊನೆಯ ಬುಧವಾರ, ಬೆಳಿಗ್ಗೆ ಒಂಬತ್ತರ ಹೊತ್ತು. ಸೋಫಿಯಾ ನಗರದ ಮೇಲೆ ಮಂಜು ಒದ್ದೆ ಕಂಬಳಿಯ ಹಾಗೆ ಕೂತಿತ್ತು. ಸಂಶೋಧನಾ ಕೇಂದ್ರದ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ, ಗಾಳಿಯ ಲೆಕ್ಕ ಹಾಕುವ ಲ್ಯುಬೆನ್ ತನ್ನ ಹೆಸರನ್ನು ಮೂರು ಸಲ ಓದಿದ. ಹತ್ತರಿಂದ ಸಂಜೆ ಆರರವರೆಗೆ ಸೂಪರ್‌ಕಂಪ್ಯೂಟರಿನ ಅರ್ಧ ಭಾಗ ಅವನದು. ಇದಕ್ಕಾಗಿ ಒಂಬತ್ತು ವರ್ಷ ಕಾದಿದ್ದ.

ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ ಅಲ್ಲಿ ಎಲ್ಲರಿಗೂ ಅದೊಂದೇ ಯಂತ್ರ. ಮೀನಿನವರು, ನಕ್ಷತ್ರದವರು, ಭೂಕಂಪದವರು ಎಲ್ಲರೂ ತಂತಮ್ಮ ಚೀಲ ಹೊತ್ತು ಸರದಿಯಲ್ಲಿ ನಿಲ್ಲಬೇಕು. ಹಂಚುವ ಸಮಿತಿ ಕೇಳಿದ್ದರಲ್ಲಿ ಅರ್ಧ ಕತ್ತರಿಸುತ್ತದೆ. ಅದಕ್ಕೇ ಎಲ್ಲರೂ ಎರಡರಷ್ಟು ಕೇಳುತ್ತಾರೆ. ಲ್ಯುಬೆನ್ ಒಬ್ಬನೇ ಬೇಕಾದಷ್ಟನ್ನೇ ಕೇಳಿ, ಅರ್ಧ ಪಡೆದು, ಅದು ಯಾವುದಕ್ಕೂ ಸಾಲದೆ ಹಿಂದಿರುಗಿಸುತ್ತಿದ್ದ. ಈ ಸಲ ನಾಚಿಕೆ ಬಿಟ್ಟು ಹದಿನಾರು ಗಂಟೆ ಎಂದು ಬರೆದ. ಎಂಟು ಸಿಕ್ಕಿತು. ಬೇಕಾಗಿದ್ದದ್ದು ಏಳು. ಮುಂದಿನ ಹಂಚಿಕೆ ವಸಂತದಲ್ಲಿ; ಅವನ ನಿವೃತ್ತಿ ಈ ಶುಕ್ರವಾರ.

ಅರ್ಜಿಯ ತಲೆಬರಹ, 'ಕಣಿವೆಯ ಗಾಳಿಯ ಮೇಲೆ ಜಲಾಶಯದ ಪರಿಣಾಮ'. ಒಳಗಿನ ಮಾತು ಬೇರೆ. ಆ ಜಲಾಶಯದ ಅಡಿಯಲ್ಲಿ ಅವನ ಊರು ವ್ರಬೊವೊ ಇತ್ತು. ಆಗಸ್ಟ್ ತಿಂಗಳ ಸಂಜೆ ಬೆಟ್ಟದ ಕಣಿವೆಬಾಯಿಂದ ಗಾಳಿ ಇಳಿದು ಬಂದು, ಮೇಲಿನ ಬೀದಿಯಿಂದ ಕೊನೆಯ ಮನೆಯವರೆಗೆ ಕಿಟಕಿಗಳನ್ನು ಪಟಪಟನೆ ಬಡಿಯುತ್ತಿತ್ತು. ಮೆಣಸಿನಕಾಯಿ ಸುಡುತ್ತಿದ್ದ ತಾಯಿ ತಲೆಯೆತ್ತಿ, "ನಿಮ್ಮಪ್ಪ ಹೊಲದಿಂದ ಹೊರಟ್ರು" ಎಂದು ತಟ್ಟೆ ಹಾಕುತ್ತಿದ್ದಳು. ನೀರು ತುಂಬಿದ ಮೇಲೆ ಆ ಗಾಳಿ ಬೀಸಲೇ ಇಲ್ಲ.

ಊರನ್ನು ಬಲ್ಲವಳೆಂದು ಉಳಿದವಳು ಅಕ್ಕ ಸ್ತಾಂಕಾ ಒಬ್ಬಳೇ. ಅವಳು ಫೋನಿನಲ್ಲಿ ನಗುತ್ತಿದ್ದಳು. "ಯಾವ ಗಾಳಿಯೋ? ಕಿಟಕಿ ಬಡೀತಿದ್ದವನು ನೀನು. ಅಪ್ಪ ಬಾರಿಸಿದ್ದು ಮರೆತ್ಯಾ?"

ಅದಕ್ಕೇ ಲ್ಯುಬೆನ್ ನೀರಿಲ್ಲದ ಕಣಿವೆಯ ನಕ್ಷೆ ಮಾಡಿದ್ದ, ಬೀದಿ ಬೀದಿ, ಮನೆ ಮನೆ. ಯಂತ್ರದೊಳಗೆ ಒಂದೇ ಒಂದು ಆಗಸ್ಟ್ ಸಂಜೆ ಬೀಸಿದರೆ ಸಾಕಿತ್ತು. ಅಕ್ಕನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹಂಬಲಕ್ಕೆ ಸಮಿತಿ ಗಂಟೆ ಕೊಡುವುದಿಲ್ಲ.

ಹತ್ತು ಹೊಡೆಯುವುದರೊಳಗೆ ಮೀನುಗಳ ಸಂಚಾರ ಲೆಕ್ಕಹಾಕುವ ರುಮೆನ್ ಬಂದ.

"ಲ್ಯುಬೆನಣ್ಣ, ನಿಮಗೆ ಒಂದು ಗಂಟೆ ಮಿಗುತ್ತಂತಲ್ಲ! ಹತ್ತೇ ನಿಮಿಷ ಕೊಡಿ. ನನ್ನ ಮೀನುಗಳು ಸಮುದ್ರದ ಮಧ್ಯೆ ನಿಂತ್ಬಿಟ್ಟಿವೆ."

"ಹತ್ತೇ ನಿಮಿಷನಾ?"

"ನಮ್ಮಮ್ಮನಾಣೆ!"

ಮೀನುಗಳು ದಡ ಸೇರುವಷ್ಟರಲ್ಲಿ ಮೂವತ್ತೈದು ನಿಮಿಷ ಕಳೆದಿತ್ತು. ಅಷ್ಟರಲ್ಲಿ ಭೂಕಂಪದ ಹಾಜಿಯೇವಾ ಮೇಡಂ, ಚೀಸ್ ತುಂಬಿದ ಬಿಸಿ ಬಾನಿತ್ಸಾ ತಟ್ಟೆಯೊಡನೆ ಹಾಜರಾದರು.

"ತಿನ್ನಪ್ಪಾ, ಸೊರಗಿಹೋಗಿದೀಯ. ನೀನು ತಿನ್ನೋವಾಗ ಯಂತ್ರ ಸುಮ್ನೇ ಕೂತಿರತ್ತಲ್ಲ, ಅಷ್ಟರಲ್ಲಿ ಒಂದು ಪುಟ್ಟ ಭೂಕಂಪ ಮಾಡ್ಕೊಂಡ್ಬಿಡ್ತೀನಿ."

ಲ್ಯುಬೆನ್ ಬೇಡವೆನ್ನಲು ಬಾಯಿ ತೆರೆದ. ಮೇಡಂ ಅದರೊಳಗೆ ಇನ್ನೊಂದು ತುಂಡು ಇಟ್ಟರು. ಇಪ್ಪತ್ತು ನಿಮಿಷ ನಡುಗಿಹೋಯಿತು. ಆ ಒಂದು ಗಂಟೆಯಲ್ಲಿ ಇನ್ನು ಮಿಕ್ಕಿದ್ದು ಐದೇ ನಿಮಿಷ. ಆ ಕಡೆಯಿಂದ ನಕ್ಷತ್ರದ ಕೊಸ್ತಾದಿನ್ ಬರುವುದನ್ನು ಕಂಡು, ಸಾಲ ಕೊಟ್ಟವನನ್ನು ಕಂಡವನ ಹಾಗೆ ಸಾಮಾನಿನ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡ.

"ಲ್ಯುಬೆನಣ್ಣ ಇದಾರಾ?"

"ಇಲ್ಲ!" ಎಂದಿತು ಕೋಣೆ.

"ಮತ್ತೆ ಮಾತಾಡ್ತಿರೋದು ಯಾರು?"

"ಅವನೂ ಇಲ್ಲ!"

ಕೊಸ್ತಾದಿನನನ್ನು ಗದರಿ ಓಡಿಸಿದವಳು ದಾಫಿನಾ. ದೊಡ್ಡ ಕೆಲಸ ಯಾವುದೇ ಇರಲಿ, ಇನ್ನೊಬ್ಬರ ಕಣ್ಣು ಹಾಯದೆ ಯಂತ್ರಕ್ಕೆ ಹೋಗಬಾರದು ಎಂಬುದು ಅಲ್ಲಿನ ಕಟ್ಟಳೆ. ಆ ಕಣ್ಣು ಇಪ್ಪತ್ತು ವರ್ಷದಿಂದ ಅವಳದು.

"ಹೊರಗೆ ಬನ್ನಿ ಅಣ್ಣ. ಹೋಗಿ ಸ್ವಲ್ಪ ಗಾಳಿ ತಗೊಳ್ಳಿ. ನಾನು ನೋಡಿ, ನಾನೇ ಕಳಿಸ್ತೀನಿ. ಯಾರು ಹತ್ರ ಬರ್ತಾರೋ ನೋಡೇಬಿಡ್ತೀನಿ."

ಬೆಳಗಿನಿಂದ ಒಂದು ನಿಮಿಷವನ್ನೂ ಕೇಳದವಳು ಅವಳೊಬ್ಬಳೇ. ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಕೆಲಸ ಯಂತ್ರದೊಳಗೆ ಹೋಯಿತು. ದಾಫಿನಾ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ, ಮಧ್ಯಾಹ್ನದ ಊಟವನ್ನೂ ಬಿಟ್ಟು ಕಾವಲು ಕೂತಳು.

ಸಂಜೆ ಆರಕ್ಕೆ ಎಲ್ಲರೂ ಮುತ್ತಿಕೊಂಡರು. ಪರದೆಯ ಮೇಲೆ ಕಣಿವೆ ತೆರೆದುಕೊಂಡಿತು. ಲ್ಯುಬೆನ್ ಮೂಗು ತಾಗುವಷ್ಟು ಬಾಗಿದ. ಗಾಳಿಯ ಬಾಣಗಳು ಕಣಿವೆಬಾಯಲ್ಲಿ ಮೂರ್ನಾಲ್ಕು ಕಾಣಿಸಿಕೊಂಡವು, ತುಸು ಇಳಿದವು, ಬಿಸಿಲಿಗೆ ಸೋತ ನಾಯಿಗಳ ಹಾಗೆ ಅಲ್ಲೇ ಮಲಗಿದವು. ಮನೆಯಿರಬೇಕಾದ ಜಾಗದಲ್ಲಿ ನೀಲಿ. ಬೀದಿಯಿರಬೇಕಾದಲ್ಲೂ ನೀಲಿ.

"ನೀರು..." ಎಂದ.

"ಹೂಂ ಮತ್ತೆ!" ದಾಫಿನಾಳ ಮುಖ ಅರಳಿತು. "ನಿಮ್ಮ ಮರ್ಯಾದೆ ಪ್ರಶ್ನೆ ಅಂತ ಬಾಯಿ ಬಿಡಲಿಲ್ಲ ಅಣ್ಣ. ತಲೆಬರಹದಲ್ಲಿ ಜಲಾಶಯ ಅಂತಿದೆ, ನಕ್ಷೆಯಲ್ಲಿ ಜಲಾಶಯಾನೇ ಇಲ್ಲ! ಯಾವುದೋ ಓಬೀರಾಯನ ಕಾಲದ ನಕ್ಷೆ ಹಾಕ್ಬಿಟ್ಟಿದ್ರಿ. ನಾಲ್ಕೇ ನಿಮಿಷದಲ್ಲಿ ಸರಿಮಾಡ್ದೆ."

"ಭಲೇ ದಾಫಿನಾ!" ಎಂದು ರುಮೆನ್ ಚಪ್ಪಾಳೆ ತಟ್ಟಿದ. "ನೀನು ನೋಡ್ದೇ ಇದ್ದಿದ್ರೆ ಅಣ್ಣನ ಒಂಬತ್ತು ವರ್ಷ ಹಾಳಾಗ್ತಿತ್ತು!"

ಅರ್ಧ ಯಂತ್ರ ಏಳು ಗಂಟೆ ಬೆವರಿ ಹೇಳಿದ್ದನ್ನು, ಬಸ್ಸು ಹತ್ತಿ ಹೋಗಿ ಅಣೆಕಟ್ಟಿನ ಮೇಲೆ ನಿಂತಿದ್ದರೂ ತಿಳಿಯಬಹುದಿತ್ತು. ಲ್ಯುಬೆನ್ ದಾಫಿನಾಳ ಹಸಿದ ಮುಖ ನೋಡಿದ. "ಒಳ್ಳೇದು ಮಾಡಿದೆ ಕಣಮ್ಮ" ಎಂದ.

ರಾತ್ರಿಯ ಊಟಕ್ಕೆ ಮುಂಚೆ ಸ್ತಾಂಕಾಳ ಫೋನು ಬಂತು.

"ಬೀಸ್ತೇನೋ?"

"ಇಲ್ಲ ಅಕ್ಕ."

ನಗುತ್ತಾಳೆಂದು ಕಾದ. ಅವಳು ನಗದೆ, "ಒಂದು ಸಲಾನೂ ಇಲ್ವಾ?" ಎಂದಳು.

ಕೊನೆಯ ದಿನ ಸಹೋದ್ಯೋಗಿಗಳು ಅವನಿಗೊಂದು ಉಡುಗೊರೆ ಕೊಟ್ಟರು. ನೀಲಿ ಕಣಿವೆಯ ಅದೇ ಚಿತ್ರ, ದೊಡ್ಡದಾಗಿ ಅಚ್ಚು ಹಾಕಿಸಿ, ಗಾಜು ಕೂರಿಸಿ, ಎಲ್ಲರ ಸಹಿಯೊಡನೆ. ದಾಫಿನಾಳ ಸಹಿ ಸರಿಯಾಗಿ ಅವನ ಮನೆಯ ಮೇಲೇ ಇತ್ತು. ಶುಕ್ರವಾರ ನಾಲ್ಕು ಗಂಟೆಗೆ ಲ್ಯುಬೆನ್ ಜಲಾಶಯವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.