ಬಿಎ ಅಡಗಿಸಿದ ದಿನ

ಎಲ್ಲ ತಾಪತ್ರಯಕ್ಕೂ ಕಾರಣ ಅರ್ಜಿಯ ಏಳನೆಯ ಕಾಲಂ. ‘ವಿದ್ಯಾರ್ಹತೆ’ ಎಂದು ಕೇಳಿದ್ದ ಆ ಜಾಗದಲ್ಲಿ ಅವನು ‘ಹತ್ತನೇ ತರಗತಿ’ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಿದ್ದ. ಅದು ಸುಳ್ಳೇನೂ ಅಲ್ಲ. ಹತ್ತನೇ ತರಗತಿ ಪಾಸಾಗದವರಿಗೆ ಯಾರೂ ಬಿಎ ಪದವಿ ಕೊಡುವುದಿಲ್ಲ. ಹತ್ತಕ್ಕೇ ನಿಲ್ಲದೆ ಮುಂದೆ ಹೋಗಿ ಇತಿಹಾಸದಲ್ಲಿ ಬಿಎ ಮಾಡಿದ್ದೇನೆ ಎಂಬುದನ್ನು ಹೇಳಿರಲಿಲ್ಲ, ಅಷ್ಟೆ. ಕಾಲಂ ಕೂಡ ತೀರ ಸಣ್ಣದಿತ್ತು.

ಕೆಲಸ ಊರಿನ ಮ್ಯೂಸಿಯಮ್ಮಿನಲ್ಲಿ. ಮೂರನೇ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಬಂದವರಿಗೆ ‘ಮುಟ್ಟಬೇಡಿ’ ಅನ್ನಬೇಕು. ಹಿಂದೆ ಆ ಸ್ಟೂಲಿನಲ್ಲಿದ್ದವನೊಬ್ಬ ಪದವೀಧರ. ಅವನು ‘ಮುಟ್ಟಬೇಡಿ’ ಅನ್ನುವುದನ್ನು ಬಿಟ್ಟು, ಗಾಜಿನ ಪೆಟ್ಟಿಗೆಗಳ ಮೇಲಿನ ಚೀಟಿಗಳಲ್ಲಿ ತಪ್ಪು ಹುಡುಕಿ ಮೇಲಿನವರಿಗೆ ಪತ್ರ ಬರೆಯುತ್ತಿದ್ದನಂತೆ. ಹಾಗಾಗಿ ಈ ಸಲದ ಜಾಹೀರಾತಿನ ಕೊನೆಯಲ್ಲಿ ‘ಪದವೀಧರರು ಅರ್ಜಿ ಹಾಕುವಂತಿಲ್ಲ’ ಎಂದಿತ್ತು. ಮೂವತ್ತು ತುಂಬಿದವರೂ ಹಾಕುವಂತಿರಲಿಲ್ಲ. ಅವನಿಗೆ ಮೂವತ್ತು ತುಂಬಲು ಇನ್ನು ಹನ್ನೊಂದು ದಿನ ಉಳಿದಿತ್ತು.

ಬಿಎ ಮುಗಿಸಿದ ಎಂಟು ವರ್ಷಗಳಲ್ಲಿ ಅವನು ಮಾಡದ ಕೆಲಸವಿಲ್ಲ, ಕೈಯಲ್ಲಿ ಉಳಿದ ಕೆಲಸವೂ ಇಲ್ಲ. ಮನೆಮನೆಗೆ ವಿಶ್ವಕೋಶ ಮಾರಿದ್ದ, ಮುಚ್ಚಿಹೋದ ಪ್ರೆಸ್ಸೊಂದರಲ್ಲಿ ಕರಡು ತಿದ್ದಿದ್ದ, ಮತದಾರರ ಪಟ್ಟಿ ಹಿಡಿದು ಬಾಗಿಲು ತಟ್ಟಿದ್ದ. ಆದರೆ ಅವನಿದ್ದ ಮೂರಂತಸ್ತಿನ ಕಟ್ಟಡಕ್ಕೆ ಆ ಪದವಿಯಿಂದಾದ ಉಪಕಾರ ಅಷ್ಟಿಷ್ಟಲ್ಲ. ರಜೆ ಅರ್ಜಿ ಬರೆಯಲು, ಔಷಧಿ ಚೀಟಿ ಓದಲು, ಮನೆ ಮಾಲೀಕನ ನೋಟಿಸಿಗೆ ಉತ್ತರ ಕೊಡಲು ಎಲ್ಲರಿಗೂ ಅವನೇ ಬೇಕು. ‘ಏ ಬಿಎ, ಸ್ವಲ್ಪ ಬಾರೋ’ ಎಂದು ಕರೆದೂ ಕರೆದೂ ಅವನ ಹೆಸರನ್ನೇ ಜನ ಮರೆತಿದ್ದರು. ಅಮ್ಮ ಕೂಡ ಮರೆವಿನಲ್ಲಿ ಒಂದೆರಡು ಸಲ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದರು.

ಅವನಿಗೆ ಆ ಸ್ಟೂಲು ಬೇಕಾಗಿದ್ದು ಸಂಬಳಕ್ಕೆ ಮಾತ್ರವಲ್ಲ ಎಂಬುದನ್ನೂ ಹೇಳಿಬಿಡಬೇಕು. ಮೂರನೇ ಕೋಣೆಯಲ್ಲಿ ಒಂದು ಮಣ್ಣಿನ ಮಡಕೆಯಿದೆ. ಅದರ ಕಂಠದ ಕೆಳಗೆ, ಮಾಡಿದವನ ಹೆಬ್ಬೆರಳು ಒತ್ತಿದ ಗುರುತು ಹಾಗೇ ಉಳಿದಿದೆ. ಕಾಲೇಜಿನ ದಿನಗಳಿಂದ ಪ್ರತಿ ಭಾನುವಾರ ಅವನು ಹೋಗಿ ಆ ಬೆರಳಿನ ಗುರುತನ್ನು ನೋಡಿ ಬರುತ್ತಿದ್ದ. ಎಂಟುನೂರು ವರ್ಷದ ಹಿಂದಿನ ಮನುಷ್ಯನೊಬ್ಬ ಈಗಷ್ಟೇ ಕೈ ತೊಳೆಯಲು ಎದ್ದುಹೋದಂತೆ ಅವನಿಗೆ ಅನ್ನಿಸುತ್ತಿತ್ತು. ಅದರ ಪಕ್ಕದಲ್ಲಿ ಕೂರಲು ಸಂಬಳವನ್ನೂ ಕೊಡುತ್ತಾರೆಂದರೆ ಯಾರು ಬಿಡುತ್ತಾರೆ?

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಪತ್ರ ಬಂತು. ಮ್ಯೂಸಿಯಮ್ಮಿನ ಅಧಿಕಾರಿ ಅದೇ ದಿನ ಮೂರು ಗಂಟೆಗೆ ಮನೆಗೆ ಬಂದು, ಅರ್ಜಿಯಲ್ಲಿ ಬರೆದದ್ದೆಲ್ಲ ನಿಜವೇ ಎಂದು ವಿಚಾರಿಸುತ್ತಾರಂತೆ. ಪತ್ರ ಓದಿ ಅವನು ಗೋಡೆಯ ಕಡೆ ನೋಡಿದ. ಅಮ್ಮ ಎದ್ದು, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಬಿಎ ಸರ್ಟಿಫಿಕೇಟನ್ನು ಇಳಿಸಿದರು. ಎಂಟು ವರ್ಷ ಪ್ರತಿದಿನ ಒರೆಸುತ್ತಿದ್ದ ಗಾಜನ್ನು ಅಂದೂ ಒಮ್ಮೆ ಸೆರಗಿನಿಂದ ಒರೆಸಿಯೇ ಇಳಿಸಿದರು. ಗೋಡೆಯಲ್ಲಿ ಬೆಳ್ಳಗೆ ಉಳಿದ ಚೌಕಕ್ಕೆ ಕ್ಯಾಲೆಂಡರ್ ಬಂತು.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಇಳಿದು ಬಂದಿದ್ದರು. ಕಟ್ಟಡದಲ್ಲಿ ಯಾರ ಮನೆಗೆ ಪತ್ರ ಬಂದರೂ ಅವರಿಗೆ ಕಾಲು ನಿಲ್ಲುವುದಿಲ್ಲ. ವಿಷಯ ತಿಳಿದು ಅವರ ವಯಸ್ಸು ಹತ್ತು ವರ್ಷ ಇಳಿದಂತಾಯಿತು. ವಿಚಾರಣೆಗೆ ಬಂದವರು ಮೊದಲು ನೋಡುವುದೇ ಟ್ರಂಕು, ಆಮೇಲೆ ಹಾಸಿಗೆಯ ಕೆಳಗೆ, ಆಮೇಲೆ ಅಕ್ಕಿ ಡಬ್ಬ ಎಂದು ತಮ್ಮ ಸರ್ವೀಸಿನ ಆಧಾರದ ಮೇಲೆ ತೀರ್ಪು ಕೊಟ್ಟರು. ಸರ್ಟಿಫಿಕೇಟು ಮನೆಯೊಳಗೇ ಇರಕೂಡದು. ಕಟ್ಟಿನಿಂದ ಬಿಚ್ಚಿ, ಕೆಳಗೆ ಬೀದಿಗೆ ಬಾಗಿಲಿರುವ ಟೈಲರ್ ಅಂಗಡಿಯಲ್ಲಿ ಇಡುವುದೆಂದು ತೀರ್ಮಾನವಾಯಿತು. ಅಂಕಪಟ್ಟಿಗಳ ಚಿಂತೆಯಿರಲಿಲ್ಲ. ಅವು ನಾಲ್ಕು ವರ್ಷದ ಹಿಂದೆ ಯಾವುದೋ ಕಚೇರಿಗೆ ಅರ್ಜಿಯ ಜೊತೆ ಹೋಗಿದ್ದವು, ಮರಳಿ ಬಂದಿರಲಿಲ್ಲ.

ಟೈಲರಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ದಪ್ಪ ಕಾಗದವನ್ನು ಬೆರಳಲ್ಲಿ ಸವರಿ, ಒಳ್ಳೆ ಕ್ಯಾನ್ವಾಸಿನ ಹಾಗಿದೆ ಎಂದು ಮೆಚ್ಚಿದ. ಪದವಿ ಪ್ರದಾನದ ದಿನ ಅವನು ಹಾಕಿಕೊಂಡ ಶರಟು ಹೊಲಿದವನೂ ಟೈಲರಣ್ಣನೇ.

‘ನೀನೇನೂ ಯೋಚ್ನೆ ಮಾಡ್ಬೇಡ. ಪ್ರಾಣ ಹೋದ್ರೂ ಇದು ಯಾರ ಕಣ್ಣಿಗೂ ಬೀಳಲ್ಲ’ ಎಂದ.

ಪೋಸ್ಟ್ ಮಾಸ್ಟರು ಕಟ್ಟಡದ ಮನೆಮನೆಗೂ ಹೋಗಿ, ಇವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ ಎಂದು ಎಲ್ಲರಿಗೂ ಪಾಠ ಹೇಳಿಕೊಟ್ಟು ಬಂದರು. ಎಂಟು ವರ್ಷ ಆ ಬಿಎಯನ್ನು ಆಡಿಕೊಂಡಿದ್ದವರೆಲ್ಲ ಈಗ ಅದನ್ನು ಕಾಪಾಡಲು ಟೊಂಕ ಕಟ್ಟಿ ನಿಂತರು. 

ಅಧಿಕಾರಿ ಮೂರಕ್ಕೆ ಬರಲಿಲ್ಲ, ಎರಡೂವರೆಗೇ ಬಂದರು. ಬಂದವರ ಕೋಟು ಗೇಟಿನ ಮೊಳೆಗೆ ಸಿಕ್ಕಿ ಬೆನ್ನಿನ ಹೊಲಿಗೆ ಪರ್ರೆಂದು ಬಿಟ್ಟಿತು. ಪಕ್ಕದಲ್ಲೇ ಟೈಲರ್ ಅಂಗಡಿ. ಕೋಟನ್ನು ಅಲ್ಲಿ ಹೊಲಿಯಲು ಕೊಟ್ಟು, ಅಂಗಿಯಲ್ಲೇ ಮೆಟ್ಟಿಲು ಹತ್ತಿ ಬಂದರು. ಸಣಕಲು ಮನುಷ್ಯ, ಜೇಬಿನಲ್ಲಿ ಶಾಯಿಯ ಕಲೆ, ಮುಖದಲ್ಲಿ ದಿನವಿಡೀ ಹುಡುಕಿ ಏನೂ ಸಿಗದವರ ದಣಿವು. ಅಮ್ಮ ಟೀ ಕೊಟ್ಟರು. ಪೋಸ್ಟ್ ಮಾಸ್ಟರು ಯಾರೂ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡರು.

‘ಎಲ್ಲಿವರೆಗೆ ಓದಿದ್ದೀರಿ?’ ಅಧಿಕಾರಿ ಕೇಳಿದರು.

‘ಹತ್ತು, ಸಾರ್.’

‘ಆಮೇಲೆ?’

‘ಆಮೇಲೆ ಸಾಕು ಅನ್ನಿಸ್ತು, ಸಾರ್.’

ಅಧಿಕಾರಿ ಅವನನ್ನೇ ನೋಡುತ್ತ ಟೀ ಕುಡಿದರು. ಆಮೇಲೆ, ಮೂರನೇ ಕೋಣೆಯಲ್ಲಿ ಧಾನ್ಯ ತುಂಬುವ ಮಡಕೆಯೊಂದಿದೆ, ಎರಡು ಸಾವಿರ ವರ್ಷ ಹಳೆಯದು, ನೋಡಿದ್ದೀರಾ ಎಂದು ಕೇಳಿದರು.

ಬಿಎ ಓದಿದವರಿಗೆ ಇಂಥ ಸಮಯದಲ್ಲಿ ಆಗುವ ಸಂಕಟ ಉಳಿದವರಿಗೆ ತಿಳಿಯದು. ಅದು ಧಾನ್ಯದ ಮಡಕೆಯಲ್ಲ, ನೀರಿನದು. ಕಂಠದ ಒಳಗೆ ಸುತ್ತಲೂ ಸುಣ್ಣದ ಬಿಳಿ ಗೆರೆಯಿದೆ, ಧಾನ್ಯ ಯಾವತ್ತೂ ಅಂಥ ಗೆರೆ ಬಿಡುವುದಿಲ್ಲ. ಎರಡು ಸಾವಿರ ವರ್ಷ ಎಂಬುದಂತೂ ಶುದ್ಧ ತಪ್ಪು. ಇಷ್ಟೂ ಮಾತು ಅವನ ಗಂಟಲಿನವರೆಗೆ ಬಂದು ಸಾಲಾಗಿ ನಿಂತವು. ಅವನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಎಲ್ಲವನ್ನೂ ನುಂಗಿದ.

‘ಮಡಕೆ ಅಂದ್ರೆ ಮಡಕೆ, ಸಾರ್. ಅದರಲ್ಲಿ ನೋಡೋದೇನಿದೆ?’

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ತಡೆಯಲಾರದೆ, ‘ಎಂಟುನೂರು ವರ್ಷ ಅಂತ ಇವನು...’ ಎಂದು ಶುರುಮಾಡಿ, ಪೋಸ್ಟ್ ಮಾಸ್ಟರ ಕಣ್ಣು ನೋಡಿ ಜೋರಾಗಿ ಕೆಮ್ಮತೊಡಗಿದರು. ಇವನ ಉತ್ತರಕ್ಕೇ ಅಧಿಕಾರಿಯ ಮುಖ ಇಳಿದಿತ್ತು, ಅಮ್ಮನ ಮಾತು ಅವರ ಕಿವಿಗೆ ಬೀಳಲಿಲ್ಲ. ನಮ್ಮವನು ಆ ಇಳಿದ ಮುಖವನ್ನು ಸಮಾಧಾನದ ಲಕ್ಷಣ ಎಂದುಕೊಂಡ.

ಏನೋ ಬರೆದುಕೊಳ್ಳಬೇಕೆಂದು ಅಧಿಕಾರಿ ಕನ್ನಡಕಕ್ಕಾಗಿ ತಡಕಾಡಿದರು. ಅದು ಕೋಟಿನ ಜೇಬಿನಲ್ಲಿತ್ತು. ನಾನೇ ತರುತ್ತೇನೆಂದು ಇವನು ಎದ್ದರೂ ಕೇಳದೆ ತಾವೇ ಇಳಿದು ಹೋದರು. ಹತ್ತು ನಿಮಿಷದ ಮೇಲೆ ಕೋಟನ್ನೂ ಹಾಕಿಕೊಂಡೇ ಬಂದರು. ಟೈಲರು ಸೂಜಿಗೆ ದಾರ ಪೋಣಿಸಲು ಯಾಕೋ ಮೂರು ಸಲ ಒದ್ದಾಡಿದ, ಆದರೂ ಹೊಲಿಗೆ ಬಲು ಗಟ್ಟಿ, ಬೆನ್ನು ಹಿಂದೆಂದೂ ಇಷ್ಟು ನೆಟ್ಟಗೆ ಕೂತಿರಲಿಲ್ಲ ಎಂದು ಹೊಗಳಿದರು. ಅವರು ಕುರ್ಚಿಗೆ ಒರಗಿದಾಗ ಬೆನ್ನಿನಲ್ಲಿ ಪರಪರ ಸದ್ದಾಯಿತು. ಹೊಸ ಲೈನಿಂಗ್ ಇರಬೇಕೆಂದು ಯಾರೂ ಗಮನ ಕೊಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ, ‘ಏ ಬಿಎ, ಈ ಔಷಧಿ ಚೀಟೀಲಿ ಏನು ಗೀಚಿದ್ದಾರೆ ನೋಡೋ’ ಎಂದು ಕೂಗಿದರು. ಪೋಸ್ಟ್ ಮಾಸ್ಟರು ಮಧ್ಯಾಹ್ನ ಪಾಠ ಹೇಳುವಾಗ ಅಜ್ಜಿ ನಿದ್ದೆ ಮಾಡುತ್ತಿದ್ದರು. ಅಧಿಕಾರಿ ತಟ್ಟನೆ ನೆಟ್ಟಗೆ ಕೂತು, ಬಿಎ ಅಂದರೆ ಯಾರು ಎಂದು ಕೇಳಿದರು.

ಪೋಸ್ಟ್ ಮಾಸ್ಟರು ಒಂದು ಕ್ಷಣವೂ ತಡಮಾಡಲಿಲ್ಲ. ‘ಇವನೇ ಸಾರ್. ಕುಳ್ಳಗಿರೋರನ್ನ ಲಂಬೂ ಅಂತ ಕರೆಯಲ್ವ, ಹಾಗೆ. ಓದು ತಲೆಗೆ ಹತ್ತಲಿಲ್ಲ ಅಂತ ಬೀದಿಯವರೆಲ್ಲ ಸೇರಿ ಚುಡಾಯಿಸೋದು. ಈ ಬೀದೀಲಿ ಬಿಎ ಓದಿದೋನು ಒಬ್ಬನೂ ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ.’

ಬರೆದೂ ಕೊಟ್ಟರು. ‘ನಾನು ಪದವೀಧರನಲ್ಲ’ ಎಂಬ ಹೇಳಿಕೆಗೆ ಇವನು ಸಹಿ ಹಾಕಿದ, ಕೆಳಗೆ ಸಾಕ್ಷಿಯಾಗಿ ಅವರು ಮೂವತ್ತೈದು ವರ್ಷ ಪಳಗಿದ ಸಹಿ ಹಾಕಿದರು. ಅಧಿಕಾರಿ ಕಾಗದ ಮಡಿಸಿ ಕೈಚೀಲದಲ್ಲಿಟ್ಟುಕೊಂಡು, ಸ್ಟೂಲಿನ ಕೆಲಸ ನಿಮಗೇ ಆದಂತೆ ಎಂದು ಎದ್ದು ನಿಂತರು. ಅಮ್ಮನ ಕಣ್ಣು ತುಂಬಿ ಬಂತು. ಇವನಿಗೂ ಆ ಮಡಕೆಯನ್ನೊಮ್ಮೆ ತಬ್ಬಿಕೊಳ್ಳಬೇಕು ಅನ್ನಿಸಿತು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಧಿಕಾರಿ ನಿಟ್ಟುಸಿರು ಬಿಟ್ಟರು.

‘ನಿಜ ಹೇಳ್ಬೇಕು ಅಂದ್ರೆ, ನಾನು ಬಂದಿದ್ದು ಸ್ಟೂಲಿನ ಕೆಲಸಕ್ಕಲ್ಲ. ಎರಡು ತಿಂಗಳ ಹಿಂದೆ ಯಾರೋ ಒಬ್ಬ ಹುಡುಗ ಆ ಮಡಕೆ ಮುಂದೆ ನಿಂತು ಶಾಲೆ ಮಕ್ಕಳಿಗೆ ಅರ್ಧ ಗಂಟೆ ಕತೆ ಹೇಳ್ತಿದ್ದ. ಕಂಬದ ಹಿಂದೆ ನಿಂತು ಕೇಳಿದೆ, ಮುಖ ಕಾಣಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ವು. ಈಗ ಹೊಸದಾಗಿ ಗೈಡ್ ಕೆಲಸ ಮಂಜೂರಾಗಿದೆ, ಇತಿಹಾಸದಲ್ಲಿ ಬಿಎ ಆಗಿರ್ಬೇಕು, ಸ್ಟೂಲಿನ ಎರಡರಷ್ಟು ಸಂಬಳ. ಆ ಹುಡುಗ ಈ ಬೀದಿಯೋನು ಅಂತ ನಮ್ಮ ಬಾಗಿಲು ಕಾಯೋನು ಹೇಳಿದ. ನಿಮ್ಮ ಅರ್ಜೀಲಿ ಈ ಬೀದಿ ವಿಳಾಸ ನೋಡಿ, ನೀವೇ ಇರಬೇಕು ಅಂತ ಓಡಿಬಂದೆ. ಬೇಕು ಅಂತಲೇ ತಪ್ಪು ತಪ್ಪು ಹೇಳಿ ನೋಡಿದೆ. ಅವನಾಗಿದ್ರೆ ಸುಮ್ನೆ ಕೂರ್ತಿರಲಿಲ್ಲ.’

 ಅವನ ಗಂಟಲಲ್ಲಿ ಸಾಲಾಗಿ ನಿಂತಿದ್ದ ಮಾತುಗಳೆಲ್ಲ ಒಟ್ಟಿಗೇ ನುಗ್ಗಿದವು. ನಾನೇ ಸಾರ್ ಎಂದ. ಅದು ನೀರಿನ ಮಡಕೆ ಎಂದ, ಸುಣ್ಣದ ಗೆರೆ ಎಂದ, ಎಂಟುನೂರು ವರ್ಷ ಎಂದ, ಹೆಬ್ಬೆರಳಿನ ಗುರುತು ಎಡಗೈಯದು, ಆದ್ದರಿಂದ ಮಾಡಿದವನು ಎಡಚನಿರಬೇಕು ಎಂದ. ಪೋಸ್ಟ್ ಮಾಸ್ಟರು ಮಾತ್ರ ಕೊಟ್ಟ ಮಾತಿಗೆ ತಪ್ಪುವವರಲ್ಲ. ಪಾಪ, ಸಂಬಳ ಕೇಳಿ ತಲೆ ಕೆಟ್ಟಿದೆ, ನಂಬಬೇಡಿ ಎಂದು ನಡುನಡುವೆ ಸಾಕ್ಷಿ ನುಡಿಯುತ್ತಲೇ ಇದ್ದರು. ಕೊನೆಗೆ ಅಮ್ಮನೇ ಅವರನ್ನು ತೋಳು ಹಿಡಿದು ಕೂರಿಸಬೇಕಾಯಿತು.

ಅಧಿಕಾರಿಯ ಮುಖ ಅರಳಿತ್ತು. ಅದೇ ದನಿ, ಸಂಶಯವಿಲ್ಲ ಎಂದರು. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಐದು ಗಂಟೆಗೆ ಗೈಡ್ ಕೆಲಸದ ಪಟ್ಟಿ ಮುಗಿಯುತ್ತದೆ, ನಾಲ್ಕೂ ಕಾಲರ ಬಸ್ಸಿಗೆ ಹೋಗಲೇಬೇಕು, ಅಷ್ಟರೊಳಗೆ ಸರ್ಟಿಫಿಕೇಟು ಕೈಗೆ ಕೊಟ್ಟರೆ ಈ ಹೇಳಿಕೆಯನ್ನು ಹರಿದು ಹಾಕುತ್ತೇನೆ ಎಂದು ಬಸ್ ನಿಲ್ದಾಣದ ಕಡೆ ನಡೆದರು.

ಅವನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಅಂಗಡಿಗೆ ನುಗ್ಗಿದ. ಟೈಲರಣ್ಣ ಹೊಲಿಗೆ ಯಂತ್ರದ ಮುಂದೆ ಬೆವರುತ್ತ ಕೂತಿದ್ದ.

‘ಅಣ್ಣ, ಸರ್ಟಿಫಿಕೇಟ್ ಕೊಡು, ಬೇಗ.’

ಟೈಲರಣ್ಣ ಬೀದಿಯ ಕಡೆ ಬೆರಳು ತೋರಿಸಿದ. ‘ಏನು ಮಾಡ್ಲಿ ಕಣೋ. ಅದನ್ನ ಮೇಜಿನ ಮೇಲೆ ಹರವಿಕೊಂಡು ನಿನ್ನ ಹೆಸರು ಓದ್ತಾ ಇದ್ದೆ. ಕನ್ನಡಕ ಬೇಕು ಅಂತ ಅವರು ದಿಢೀರಂತ ಒಳಗೇ ಬಂದ್ರು. ಕೋಟು ಬಿಚ್ಚಿ ಮಲಗಿತ್ತು, ಲೈನಿಂಗ್ ಒಳಗೆ ತೂರಿಸಿಬಿಟ್ಟೆ. ಆಮೇಲೆ ತೆಗಿಯೋಣ ಅಂದ್ರೆ ಮನುಷ್ಯ ಎದುರಿಗೇ ನಿಂತು, ಹೊಲಿ ಹೊಲಿ ಅಂದ್ರು. ಹೊಲಿದೆ.’

ಅವನು ಓಡಿದ. ಹಿಂದೆ ಟೈಲರಣ್ಣ ಓಡಿದ, ಅವನ ಹಿಂದೆ ಅಮ್ಮ, ಅಮ್ಮನ ಹಿಂದೆ ಪೋಸ್ಟ್ ಮಾಸ್ಟರು. ಅಧಿಕಾರಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

‘ಸಾರ್, ಸಿಕ್ಕಿತು. ನಿಮ್ಮ ಕೋಟಿನ ಒಳಗೇ ಇದೆ.’

ಅಧಿಕಾರಿಯ ನಗು ಆರಿತು. ‘ಬೆಳಿಗ್ಗೆ ಮನೆಯಿಂದ ಹಾಕ್ಕೊಂಡು ಬಂದ ಕೋಟು ಇದು. ಮೊದಲು ಬಿಎ ಇಲ್ಲ ಅಂದ್ರಿ. ಆಮೇಲೆ ಬಿಎ ಇದೆ ಅಂದ್ರಿ. ಈಗ ನಿಮ್ಮ ಬಿಎ ನನ್ನ ಕೋಟಿನೊಳಗಿದೆ ಅಂತೀರಿ. ಹೋಗಲಿ, ಸ್ಟೂಲಾದರೂ ಕೊಡೋಣ ಅಂದ್ರೆ, ಬಿಎ ಆಗಿದ್ದೀನಿ ಅಂತ ನೀವೇ ಒಪ್ಪಿಕೊಂಡಾಯ್ತು.’

ಮಾತಿನಿಂದ ಆಗದ ಕೆಲಸವನ್ನು ಕೈಯಿಂದ ಮಾಡೋಣವೆಂದು ಟೈಲರಣ್ಣ ದೊಡ್ಡ ಕತ್ತರಿ ತೆರೆದುಕೊಂಡು ಅವರ ಬೆನ್ನಿನ ಕಡೆ ಹೋದ. ತಿರುಗಿ ನೋಡಿದ ಅಧಿಕಾರಿ ಒಂದೇ ನೆಗೆತಕ್ಕೆ ಬಸ್ಸಿನೊಳಗೆ ಬಿದ್ದರು. ಬಸ್ಸು ಹೊರಟಿತು. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ನಾಲ್ವರೂ ಬೀದಿಯ ನಡುವೆ ಏದುಸಿರು ಬಿಡುತ್ತ ನಿಂತರು. ಕಿಟಕಿಯ ಪಕ್ಕದ ಸೀಟಿನಲ್ಲಿ ಅಧಿಕಾರಿಯ ಬೆನ್ನು ಕೋಲು ನುಂಗಿದವರ ಹಾಗೆ ನೆಟ್ಟಗೆ ಕಾಣುತ್ತಿತ್ತು. ಒಮ್ಮೆ ಅವರು ಹಿಂದೆ ಕೈಹಾಕಿ ಬೆನ್ನು ತುರಿಸಿಕೊಂಡರು. ನನ್ನ ಹೊಲಿಗೆ ಹತ್ತು ವರ್ಷವಾದರೂ ಬಿಡುವುದಿಲ್ಲ ಎಂದು ಟೈಲರಣ್ಣ ಅಳುದನಿಯಲ್ಲಿ ಹೇಳಿದ. ಅಮ್ಮ ಮಗನ ಭುಜದ ಮೇಲೆ ಕೈಯಿಟ್ಟರು.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಆ ಬೆನ್ನನ್ನೇ ನೋಡುತ್ತಿದ್ದ. ಎಂಟು ವರ್ಷದ ಮೇಲೆ ಅವನ ಬಿಎ ಕೊನೆಗೂ ಮ್ಯೂಸಿಯಮ್ಮಿನ ಕೆಲಸಕ್ಕೆ ಹೊರಟಿತ್ತು, ಅವನೊಬ್ಬನನ್ನು ಬಿಟ್ಟು.