ಹಂದಿ ಜ್ವರದ ಅತ್ತೆ

ನಮ್ಮ ಅತ್ತೆಯ ಮದುವೆ ತಪ್ಪಿಸಿದ್ದು ಒಂದು ಪ್ರೋಟೀನು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ! ನಾವೂ ಮೊದಲು ನಕ್ಕವರೇ.

ಅಪ್ಪನ ತಂಗಿಯಾದ ಈ ಅತ್ತೆ ಪಶುವೈದ್ಯಕೀಯ ಓದಿ, ಹಂದಿಗಳನ್ನಷ್ಟೇ ಕಾಡುವ ಹಂದಿ ಜ್ವರದ ವೈರಸ್ಸಿನ ಬೆನ್ನು ಹತ್ತಿದವರು. ಇಡೀ ವೈರಸ್ಸೂ ಅಲ್ಲ, ಅದರ ಮೈಮೇಲಿರುವ ಒಂದೇ ಒಂದು ಪ್ರೋಟೀನು! ತೊಂಬತ್ತರ ದಶಕದಲ್ಲಿ ಮೂಡಿಗೆರೆಯ ನಮ್ಮ ಮನೆಗೆ ಅವರನ್ನು ನೋಡಲು ಬಂದ ಗಂಡಿನ ತಾಯಿ, "ಏನು ಓದ್ತಾ ಇದೀಯಮ್ಮಾ?" ಎಂದು ಕೇಳಿದ್ದೇ ತಪ್ಪಾಯಿತು. ಅತ್ತೆ ಕಡುಬಿನ ತಟ್ಟೆ ಕೆಳಗಿಟ್ಟು ಶುರು ಮಾಡಿದರು. ಆ ಪ್ರೋಟೀನು ಹಂದಿಯ ಜೀವಕೋಶಕ್ಕೆ ಹೇಗೆ ಅಂಟುತ್ತದೆ, ವೈರಸ್ಸು ಹೇಗೆ ಒಳನುಗ್ಗುತ್ತದೆ, ಹಂದಿಯ ಕಿವಿ ಹೇಗೆ ನೇರಳೆಯಾಗುತ್ತದೆ... ಗಂಡಿನ ತಾಯಿಯ ಕಿವಿ ಅಷ್ಟರಲ್ಲೇ ಕೆಂಪಾಗಿತ್ತು! ಕಾಫಿಯನ್ನೂ ಮುಟ್ಟದೆ ಎಲ್ಲರೂ ಜೀಪು ಹತ್ತಿದರು.

"ನಿಂಗೆ ಬೇರೆ ಮಾತೇ ಸಿಗ್ಲಿಲ್ವಾ ಮಾರಾಯ್ತಿ?" ಅಪ್ಪ ತಲೆ ಮೇಲೆ ಕೈ ಹೊತ್ತರು.

"ಅವ್ರೇ ಕೇಳಿದ್ರಲ್ಲ ಅಣ್ಣ!"

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆ ಅತ್ತೆ ರಜೆಗೆ ಬಂದಿದ್ದರು. ಆಗಲೇ ನಮ್ಮ ತೋಟದ ಕೆಲಸದಾಕೆ ಶೇಷಮ್ಮನ ಹಂದಿ ಮೇವು ಬಿಟ್ಟಿತು. ದೃಷ್ಟಿಯಾಗಿದೆ ಎಂದರು ಯಾರೋ. ಅತ್ತೆ ಅದರ ಕಿವಿ ಮುಟ್ಟಿ, ಹಿಂಗಾಲು ತೂರಾಡುವುದನ್ನು ನೋಡಿ, "ಅದೇ ಜ್ವರ" ಎಂದರು. ರಕ್ತ ಪರೀಕ್ಷೆಗೆ ಕಳಿಸಿ, ಉತ್ತರಕ್ಕೂ ಕಾಯದೆ ಐಸ್ ಡಬ್ಬಿಯಲ್ಲಿ ಲಸಿಕೆ ತರಿಸಿ, ಅಕ್ಕಪಕ್ಕದ ತೋಟಗಳ ಹಂದಿಗಳ ಹಿಂದೆ ಸೀರೆ ಎತ್ತಿಕಟ್ಟಿ ಓಡಿದರು. ಕೆಸರಿನಲ್ಲಿ ಎರಡು ಸಲ ಬಿದ್ದರು. ಹಿಡಿದ ಕಾಲು ಬಿಡಲಿಲ್ಲ!

"ಸೂಜಿ ಚುಚ್ಚಿದ್ರೆ ಏನಾಗ್ತದೆ ಅಮ್ಮಾ?" ಎಂದಳು ಶೇಷಮ್ಮ.

"ಕಳ್ಳನ ಕೋಟು ಹೆಂಗಿರ್ತದೆ ಅಂತ ಹಂದಿ ಮೈಗೆ ಮೊದ್ಲೇ ತೋರ್ಸಿಟ್ಟಂಗೆ. ಆ ಪ್ರೋಟೀನೇ ಕೋಟು. ನಿಜವಾದ ಕಳ್ಳ ಬಂದ್ರೆ ಬಾಗ್ಲಲ್ಲೇ ಗುರುತು ಹಿಡೀತದೆ."

ಪರೀಕ್ಷೆಯ ಉತ್ತರವೂ ಅತ್ತೆ ಹೇಳಿದ್ದೇ. ಸೂಜಿ ಚುಚ್ಚಿಸಿಕೊಂಡ ಹಂದಿಗಳೆಲ್ಲ ಉಳಿದವು. ಅಪ್ಪನಂತೂ ಮೂಡಿಗೆರೆ ಪೇಟೆಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ತಂಗಿಯ ಪ್ರೋಟೀನಿನ ಕತೆ ಹೇಳತೊಡಗಿದರು, ಅದೂ ಪೂರ್ತಿ ತಪ್ಪಾಗಿ! ನಾನೇನು ಕಡಿಮೆಯೇ? ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡೆ.

ಶೇಷಮ್ಮನ ಹಂದಿಯೊಂದೇ ಉಳಿಯಲಿಲ್ಲ. ಜ್ವರ ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಊರಿಗೆಲ್ಲ ಸೂಜಿ ಹಾಕಿ ಮುಗಿಸಿದ ಮಧ್ಯಾಹ್ನ, ಅತ್ತೆ ಗೂಡಿನೊಳಗೆ ನೆಲದ ಮೇಲೇ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಇಷ್ಟು ವರ್ಷ ಓದ್ದೆ ಶೇಷಿ. ನಿನ್ ಹಂದಿ ಉಳ್ಸಕ್ಕೆ ಆಗ್ಲಿಲ್ಲ."

ಶೇಷಮ್ಮ ಪಕ್ಕದಲ್ಲಿ ಕೂತು, ತನ್ನ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು.